10 ಬೈ 12ರ ಕೋಣೆಯಲ್ಲಿ ಎರಡು ಗಿಟಾರ್ ಆಂಪ್: ಸ್ಟೀರಿಯೊ ನಿಜಕ್ಕೂ ಕೇಳಿಸುವಂತೆ ಇಡುವ ಬಗೆ

ಸಾಮಾನ್ಯವಾಗಿ ಆಗುವುದು ಹೀಗೆ. ಎರಡು ಆಂಪ್‌ಗಳನ್ನು, ಅಂದರೆ ಗಿಟಾರ್‌ನ ಸದ್ದು ಹಿಗ್ಗಿಸುವ ಪೆಟ್ಟಿಗೆಗಳನ್ನು, ಕೋಣೆಯ ಎರಡು ಮೂಲೆಗೆ ತಳ್ಳಿ, ಸ್ವರವನ್ನು ತುಸು ತೂಗಾಡಿಸುವ ಕೋರಸ್ ಪೆಡಲ್‌ನ ಎಡ ಮತ್ತು ಬಲ ಔಟ್‌ಪುಟ್‌ಗೆ ಕೇಬಲ್ ಚುಚ್ಚಿ, ನಡುವೆ ಎಲ್ಲೋ ಒಂದು ಕಡೆ ನಿಂತು ನುಡಿಸುತ್ತಾರೆ. ಸದ್ದು ದೊಡ್ಡದಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಹತ್ತಿರದ ಆಂಪ್ ಒಂದೇ ಕೇಳಿಸುತ್ತದೆ. ಐದನೇ ತಂತಿಯ ಒಂದೆರಡು ಸ್ವರಗಳು ಗುಮ್ಮೆಂದು ಉಬ್ಬುತ್ತವೆ. ಎರಡನೇ ಆಂಪ್ ಹಾಕಿದ ಗಳಿಗೆಯಿಂದ ಗುಂಯ್ ಎನ್ನುವ ಸದ್ದೂ ಸೇರಿಕೊಳ್ಳುತ್ತದೆ. ಇಷ್ಟಾದ ಮೇಲೆ ಹೆಚ್ಚಿನವರು ಹೊಸ ಪೆಡಲ್ ಹುಡುಕಲು ಹೊರಡುತ್ತಾರೆ. ಬೇಕಾಗಿರುವುದು ಅಳತೆ ಟೇಪು ಮತ್ತು ಒಂದು ಮಧ್ಯಾಹ್ನದ ಬಿಡುವು.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮ್ಮ ಊರುಗಳ ಮನೆಗಳಲ್ಲಿ ತೀರಾ ಸಾಮಾನ್ಯವಾದ ಕೋಣೆ: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ, ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಟೈಲ್ಸ್ ನೆಲ. ಆಂಪ್‌ಗಳು 12 ಇಂಚಿನ ಒಂದೊಂದು ಸ್ಪೀಕರ್ ಇರುವ ಕಾಂಬೊಗಳು, ಅಂದರೆ ವರ್ಧಕವೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವಂಥವು. ಇಷ್ಟು ಜಾಗಕ್ಕೆ ತಲಾ 5ರಿಂದ 15 ವಾಟ್ ಬೇಕಾದಷ್ಟಾಯಿತು. ನಿಮ್ಮ ಕೋಣೆಯ ಅಳತೆ ಬೇರೆಯಾದರೆ ಸೂತ್ರ ಅದೇ, ಅಂಕಿ ಮಾತ್ರ ಬದಲಿಸಿಕೊಳ್ಳಿ.

ಮೊದಲು ಮೋನೊ ನಡುವೆ ನಿಲ್ಲಬೇಕು

ಒಂದೇ ಸಿಗ್ನಲ್ ಅನ್ನು ಎರಡೂ ಆಂಪ್‌ಗೆ ಕೊಟ್ಟಾಗ (ಇದೇ ಮೋನೊ) ಗಿಟಾರ್ ಎಡದಿಂದಲೂ ಬರಬಾರದು, ಬಲದಿಂದಲೂ ಬರಬಾರದು. ಎರಡರ ನಡುವೆ, ಏನೂ ಇಲ್ಲದ ಖಾಲಿ ಜಾಗದಲ್ಲಿ ನಿಂತು ನುಡಿದಂತೆ ಕೇಳಬೇಕು. ಇದು ಸಿದ್ಧವಾಗುವ ತನಕ ಸ್ಟೀರಿಯೊ ಪೆಡಲ್ ಮುಟ್ಟಬೇಡಿ. ನಡುವಿನ ಈ ಬಿಂದು ಗಟ್ಟಿಯಾಗಿದ್ದರೆ ಮಾತ್ರ ಎಡ, ಬಲ ಎಂಬುದಕ್ಕೆ ಅರ್ಥ ಬರುತ್ತದೆ. ಮುಂದೆ ಹೇಳುವ ಅಳತೆ, ಎತ್ತರ, ಧ್ರುವ, ಮಟ್ಟ ಎಲ್ಲವೂ ಈ ಒಂದು ಬಿಂದುವನ್ನು ಅಲುಗದಂತೆ ನಿಲ್ಲಿಸಲಿಕ್ಕೆ.

ಯಾಕೆ ಅಷ್ಟು ಕಟ್ಟುನಿಟ್ಟು? ಕಿವಿ ಮೊದಲು ಬಂದ ಸದ್ದನ್ನು ನಂಬುತ್ತದೆ. ನಮ್ಮ ಹವೆಯಲ್ಲಿ, ಅಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶಬ್ದ ಸೆಕೆಂಡಿಗೆ ಹತ್ತಿರಹತ್ತಿರ 347 ಮೀಟರ್ ಹೋಗುತ್ತದೆ. ಒಂದು ಅಡಿ ದಾಟಲು ಅದಕ್ಕೆ ಸುಮಾರು 0.9 ಮಿಲಿಸೆಕೆಂಡ್ ಸಾಕು. ಇತ್ತ ಎರಡು ಆಂಪ್‌ಗಳ ಸದ್ದು ತಲುಪುವುದರಲ್ಲಿ 1 ಮಿಲಿಸೆಕೆಂಡ್‌ನಷ್ಟು ಹೆಚ್ಚುಕಡಿಮೆಯಾದರೂ ಸದ್ದಿನ ಚಿತ್ರ, ಅಂದರೆ ಗಿಟಾರ್ ಇದ್ದಂತೆ ಕೇಳಿಸುವ ಜಾಗ, ಪೂರ್ತಿಯಾಗಿ ಹತ್ತಿರದ ಆಂಪ್ ಕಡೆಗೆ ವಾಲಿಬಿಡುತ್ತದೆ. ಕೆಳಗಿನ ಅಳತೆಯಲ್ಲಿ ಕೂತು ಕುರ್ಚಿಯನ್ನು ಒಂದು ಅಡಿ ಬಲಕ್ಕೆ ಸರಿಸಿದರೆ ಎಡ ಆಂಪ್ ಬಲದ್ದಕ್ಕಿಂತ ಒಂದು ಅಡಿ ದೂರವಾಗುತ್ತದೆ; ಅಷ್ಟರಲ್ಲೇ ಸ್ಟೀರಿಯೊ ಮುಗಿಯಿತು. ಸಣ್ಣ ಕೋಣೆಯಲ್ಲಿ ಕುರ್ಚಿ ಇರುವ ಜಾಗವೂ ವಾದ್ಯದ ಒಂದು ಭಾಗವೆಂದೇ ತಿಳಿಯಿರಿ.

ಕಾಲು ಭಾಗದ ಲೆಕ್ಕ

ಎದುರುಬದುರು ಗೋಡೆಗಳ ನಡುವೆ ಶಬ್ದ ಹೋಗಿ ಬಂದು ಕೆಲವು ಕಂಪನಾಂಕಗಳಲ್ಲಿ ಕರಗದೆ ನಿಂತು ಉಬ್ಬುತ್ತದೆ. 12 ಅಡಿಯ ಉದ್ದಕ್ಕೆ ಅವು ಸುಮಾರು 47 ಮತ್ತು 95 ಹರ್ಟ್ಸ್; 10 ಅಡಿಯ ಅಗಲಕ್ಕೆ 57 ಮತ್ತು 114. ಗಿಟಾರ್‌ನ ಆರನೇ ತಂತಿ ಬಿಡಿಯಾಗಿ ನುಡಿಯುವುದೇ 82 ಹರ್ಟ್ಸ್‌ನಲ್ಲಿ. ಹಾಗಾಗಿ 47 ಮತ್ತು 57 ನಮ್ಮನ್ನು ಕಾಡುವುದಿಲ್ಲ. ಕಾಡುವವು 95 ಮತ್ತು 114. ಬಿಡಿ ಐದನೇ ತಂತಿ 110 ಹರ್ಟ್ಸ್, ಅದರ ಮೊದಲ ಫ್ರೆಟ್ 116.5, ಎರಡೂ ಸರಿಯಾಗಿ 114ರ ಆಚೀಚೆ ಬೀಳುತ್ತವೆ. ಮೇಲೆ ಹೇಳಿದ ಗುಮ್ಮೆನ್ನುವ ಸ್ವರ ಇದೇ. ಕೋಣೆಯ ಎತ್ತರವೂ 10 ಅಡಿಯಾದ್ದರಿಂದ ನೆಲ–ತಾರಸಿ ಜೋಡಿಯೂ ಅದೇ 114ಕ್ಕೆ ಬಲ ಕೊಡುತ್ತದೆ. ಅಗಲವೂ ಎತ್ತರವೂ ಒಂದೇ ಆಗಿರುವುದು ನಮ್ಮ ಕೋಣೆಗಳ ದೊಡ್ಡ ತೊಡಕು.

ಇದಕ್ಕೆ ಉಪಾಯ ಕೋಣೆಯ ಅಳತೆಯಲ್ಲೇ ಇದೆ. ಎರಡು ಗೋಡೆಗಳ ನಡುವಿನ ದೂರದ ಕಾಲು ಭಾಗದಲ್ಲಿ ಸ್ಪೀಕರ್ ಇಟ್ಟರೆ ಆ ಎರಡನೇ ಕಂಪನಕ್ಕೆ ಅದು ಇಂಧನ ಕೊಡುವುದಿಲ್ಲ. ಮೂಲೆಯಲ್ಲಿಟ್ಟರೆ ಪೂರ್ತಿ ಕೊಡುತ್ತದೆ. 10 ಅಡಿಯ ಅಗಲದಲ್ಲಿ ಕಾಲು ಭಾಗ ಎಂದರೆ ಪಕ್ಕದ ಗೋಡೆಯಿಂದ 2.5 ಅಡಿ. ಎರಡೂ ಕಡೆಯಿಂದ ಹಾಗೆ ಬಂದರೆ ಆಂಪ್‌ಗಳ ನಡುವೆ ಉಳಿಯುವುದು ಸರಿಯಾಗಿ 5 ಅಡಿ. ಎರಡು ಆಂಪ್ ಮತ್ತು ನಿಮ್ಮ ತಲೆ ಮೂರು ಮೂಲೆಗಳಾದ 5 ಅಡಿಯ ಸಮಬಾಹು ತ್ರಿಕೋನ ಸ್ಟೀರಿಯೊಗೆ ಹೇಳಿ ಮಾಡಿಸಿದಂತಿದೆ. ಹೀಗೆ ಎರಡು ಬೇರೆ ಬೇರೆ ಬೇಡಿಕೆಗಳು ಒಂದೇ ಅಳತೆಯಲ್ಲಿ ಕೂಡಿಬರುವುದು ಸಣ್ಣ ಕೋಣೆಯ ಅದೃಷ್ಟ.

ಎತ್ತರಕ್ಕೂ ಇದನ್ನೇ ಅನ್ವಯಿಸಿ 2.5 ಅಡಿ ಮಾಡಬಹುದಿತ್ತು. ಮಾಡಬೇಡಿ. ಗೋಡೆಯಿಂದ, ನೆಲದಿಂದ ಪುಟಿದು ಬರುವ ಸದ್ದು ಸ್ಪೀಕರ್‌ನ ನೇರ ಸದ್ದನ್ನು ಒಂದೊಂದು ಕಂಪನಾಂಕದಲ್ಲಿ ಅಳಿಸುತ್ತದೆ. 2 ಅಡಿ ದೂರದ ಮೇಲ್ಮೈ ಸುಮಾರು 142 ಹರ್ಟ್ಸ್ ಅನ್ನು, 2.5 ಅಡಿಯದು 114 ಅನ್ನು, 3 ಅಡಿಯದು 95 ಅನ್ನು ತಗ್ಗಿಸುತ್ತದೆ. ಮೂರೂ ದೂರ ಒಂದೇ ಆದರೆ ಒಂದೇ ಸ್ವರ ಹೊಂಡಕ್ಕೆ ಬೀಳುತ್ತದೆ. ಆದ್ದರಿಂದ ಪಕ್ಕಕ್ಕೆ 2.5, ಮುಂಗೋಡೆಯಿಂದ 3, ನೆಲದಿಂದ 2 ಅಡಿ. ಈ ಮೂರು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

ಗುರುತು ಹಾಕುವುದು

ಬೇಕಾಗುವ ಸಾಮಾನು: 5 ಮೀಟರ್‌ನ ಅಳತೆ ಟೇಪು, ಸೀಮೆಸುಣ್ಣ, ಇನ್ಸುಲೇಷನ್ ಟೇಪು, 3 ಮೀಟರ್ ದಾರ, ಕೈಗನ್ನಡಿ, ಡೆಸಿಬೆಲ್ ತೋರಿಸುವ ಆಪ್ ಇರುವ ಫೋನು. ಜೊತೆಗೆ ಇನ್ನೊಬ್ಬರು ಇದ್ದರೆ ಕೆಲಸ ಅರ್ಧವಾಗುತ್ತದೆ.

1. 10 ಅಡಿಯ ಗೋಡೆಗಳಲ್ಲಿ ಒಂದನ್ನು ಮುಂಗೋಡೆ ಎಂದು ಆರಿಸಿ. ಆಂಪ್‌ಗಳು ಅದಕ್ಕೆ ಬೆನ್ನು ಮಾಡಿ ಕೋಣೆಯ ಉದ್ದಕ್ಕೆ ನೋಡಬೇಕು. ಪಕ್ಕದ ಗೋಡೆಗಳಲ್ಲಿ ಒಂದರಲ್ಲಿ ಮಾತ್ರ ಬಾಗಿಲಿದ್ದರೆ, ಆ ಬಾಗಿಲು ನಿಮ್ಮ ಬೆನ್ನ ಹಿಂದೆ ಬರುವಂತೆ ಮುಂಗೋಡೆಯನ್ನು ಆರಿಸಿಕೊಳ್ಳಿ. ಆಂಪ್ ಪಕ್ಕದಲ್ಲಿ ಬಾಗಿಲು ತೆರೆದಿದ್ದರೆ ಆ ಕಡೆಯ ಬೇಸ್ ಹಜಾರಕ್ಕೆ ಹೋಗಿ, ಚಿತ್ರ ಇನ್ನೊಂದು ಕಡೆಗೆ ವಾಲುತ್ತದೆ.

2. ಮುಂಗೋಡೆಯಿಂದ 3 ಅಡಿಗೆ ನೆಲದ ಮೇಲೆ ಅಡ್ಡಗೆರೆ ಎಳೆಯಿರಿ. ಆ ಗೆರೆಯ ಮೇಲೆ ಎರಡೂ ಪಕ್ಕದ ಗೋಡೆಗಳಿಂದ 2.5 ಅಡಿಗೆ ಒಂದೊಂದು ಗುರುತು. ಸ್ಪೀಕರ್ ಕೋನ್‌ನ (ಅದುರಿ ಸದ್ದು ಮಾಡುವ ಶಂಕುವಿನ) ನಡುಬಿಂದು ಈ ಗುರುತಿನ ನೇರ ಮೇಲೆ ಬರಬೇಕು. ಪೆಟ್ಟಿಗೆಯ ನಡುವಲ್ಲ, ಕೋನ್‌ನ ನಡು. ಎಷ್ಟೋ ಕಾಂಬೊಗಳಲ್ಲಿ ಸ್ಪೀಕರ್ ಒಂದು ಬದಿಗೆ ಸರಿದಿರುತ್ತದೆ. ಆಂಪ್‌ನ ಮುಖಕ್ಕೆ ಹೊದಿಸಿದ ಬಟ್ಟೆಯ ಹಿಂದೆ ಟಾರ್ಚ್ ಬಿಟ್ಟು ನೋಡಿ, ಬಟ್ಟೆಯ ಮೇಲೆ ಚಿಕ್ಕ ಟೇಪು ಅಂಟಿಸಿ.

3. ಗೆರೆಯ ನಡುವಿನಿಂದ ಹಿಂದಕ್ಕೆ 4 ಅಡಿ 4 ಇಂಚು ಅಳೆದು ಗುರುತಿಸಿ. ನಿಮ್ಮ ತಲೆ ಅಲ್ಲಿ. ಮುಂಗೋಡೆಯಿಂದ ಅದು 7 ಅಡಿ 4 ಇಂಚು, ಬೆನ್ನ ಹಿಂದೆ 4 ಅಡಿ 8 ಇಂಚು ಉಳಿಯುತ್ತದೆ.

4. ಕುರ್ಚಿ ಇಟ್ಟು, ನುಡಿಸುವ ಭಂಗಿಯಲ್ಲೇ ಕೂತು, ಮೂಗಿನ ತುದಿಯಿಂದ ಎರಡೂ ಕೋನ್‌ಗಳಿಗೆ ದಾರ ಹಿಡಿಸಿ ತಾಳೆ ನೋಡಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಗಿಟಾರ್ ತೊಡೆಯ ಮೇಲಿಟ್ಟಾಗ ಮೈ ಒಂದು ಕಡೆಗೆ ಬಾಗುತ್ತದೆ, ಅದಕ್ಕಾಗಿಯೇ ನುಡಿಸುವ ಭಂಗಿಯಲ್ಲಿ ಅಳೆಯಬೇಕು.

5. ಕುರ್ಚಿಯ ನಾಲ್ಕು ಕಾಲುಗಳ ಸುತ್ತ ಇನ್ಸುಲೇಷನ್ ಟೇಪಿನಲ್ಲಿ ಗುರುತು ಹಾಕಿ. ನಾಳೆ ಕಸ ಗುಡಿಸಿದ ಮೇಲೂ ಕುರ್ಚಿ ಅಲ್ಲಿಗೇ ಬರಬೇಕು.

ಮಂಚ, ಬೀರು ಇದ್ದು ಮುಂಗೋಡೆಯಿಂದ 3 ಅಡಿ ಬಿಡಲು ಆಗದಿದ್ದರೆ? ಬೆನ್ನು ಮುಚ್ಚಿದ ಆಂಪ್ ಆದರೆ ಗೋಡೆಗೆ ಪೂರ್ತಿ ಒತ್ತಿಬಿಡಿ, ಬೇಸ್ ಗುಂಡಿಯನ್ನು ಇಳಿಸಿ. ಬೆನ್ನು ತೆರೆದ ಆಂಪ್ ಒತ್ತಬಾರದು. ಅದರ ಕೋನ್‌ನ ಹಿಂಬದಿಯ ಸದ್ದು ಮುಂಬದಿಗೆ ವಿರುದ್ಧ ದಿಕ್ಕಿನದು, ಗೋಡೆಗೆ ತಗುಲಿ ಬೇಗ ಮರಳಿದರೆ ಮಂದ್ರ ಸ್ವರಗಳು ಸೊರಗುತ್ತವೆ, ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಕನಿಷ್ಠ ಒಂದು ಅಡಿ ಬಿಡಿ. ಹಿಂದಿನ ಗೋಡೆಗೆ ದಪ್ಪ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ತೂಗುಹಾಕಿದರೆ ಮೇಲಿನ ಸ್ವರಗಳ ಗಡಸು ಕಡಿಮೆಯಾಗುತ್ತದೆ. ಬೇಸ್‌ಗೆ ಅದರಿಂದ ಏನೂ ಆಗದು.

8 ಬೈ 10ರ ಕೋಣೆಯಾದರೆ ಪಕ್ಕಕ್ಕೆ 2 ಅಡಿ, ಆಂಪ್‌ಗಳ ನಡುವೆ 4 ಅಡಿ, ಮುಂಗೋಡೆಯಿಂದ 2.5 ಅಡಿ, ತಲೆ ಗೆರೆಯಿಂದ 3.5 ಅಡಿ ಹಿಂದೆ. ಕೋನ್ ನೆಲದಿಂದ 20 ಇಂಚು. ಅದಕ್ಕಿಂತ ಚಿಕ್ಕದರಲ್ಲಿ ಎರಡು ಆಂಪ್ ಇಡುವ ಹಟ ಬೇಡ. ಬೇಕೇ ಬೇಕೆಂದರೆ ಎಡಕ್ಕೊಂದು ಬಲಕ್ಕೊಂದು ಎದುರುಬದುರಾಗಿಟ್ಟು ನಡುವೆ ಕೂರಬಹುದು. ಹೆಡ್‌ಫೋನ್ ಹಾಕಿಕೊಂಡಷ್ಟು ಅಗಲ ಸಿಗುತ್ತದೆ, ಆದರೆ ಮುಂದೆ ನಡುವಿನಲ್ಲಿ ಏನೂ ನಿಲ್ಲುವುದಿಲ್ಲ.

ಎತ್ತರ, ಬಾಗು, ಓರೆ

12 ಇಂಚಿನ ಗಿಟಾರ್ ಸ್ಪೀಕರ್ ಟಾರ್ಚಿನಂತೆ. ಸುಮಾರು ಒಂದೂಕಾಲು ಸಾವಿರ ಹರ್ಟ್ಸ್ ದಾಟಿದ ಮೇಲೆ ಸದ್ದು ಸುತ್ತಲೂ ಹರಡದೆ ನೇರಕ್ಕೆ ಹೋಗುತ್ತದೆ. ನೆಲದ ಮೇಲಿಟ್ಟ ಆಂಪ್ ನಿಮ್ಮ ಕಣಕಾಲಿಗೆ ನುಡಿಸುತ್ತಿರುತ್ತದೆ. ಕಿವಿಗೆ ಮಬ್ಬಾಗಿ ಕೇಳಿ ನೀವು ಟ್ರೆಬಲ್ ಏರಿಸುತ್ತೀರಿ. ಎದುರಿಗೆ ಮಂಚದಲ್ಲಿ ಕೂತವರ ಕಿವಿ ಕೊರೆಯುತ್ತದೆ. ನೆಲ ಬೇಸ್ ಅನ್ನೂ ಹೆಚ್ಚಿಸುತ್ತದೆ.

ಕೋನ್‌ನ ನಡು ನೆಲದಿಂದ 24 ಇಂಚು ಇರಲಿ. 18 ಇಂಚು ಎತ್ತರದ ಕಾಂಬೊಗೆ ಸುಮಾರು 14–15 ಇಂಚಿನ ಗಟ್ಟಿ ಮರದ ಸ್ಟೂಲು ಸಾಕು. ಪ್ಲಾಸ್ಟಿಕ್ ಸ್ಟೂಲು ಬೇಡ, ಟ್ಯೂಬ್ ಆಂಪ್ 15–20 ಕಿಲೊ ತೂಗುತ್ತದೆ, ಅಲುಗಾಟಕ್ಕೆ ಕಾಲು ಸೀಳುತ್ತದೆ. ಸ್ಟೂಲಿನ ಮೇಲೆ ಹಳೆಯ ಯೋಗ ಮ್ಯಾಟನ್ನು ಎರಡು ಮಡಿಕೆ ಮಾಡಿ ಹಾಸಿ. ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರಿಗೆ ತಲುಪುವ ಗುದ್ದಿನಲ್ಲಿ ಒಂದಷ್ಟು ಪಾಲು ಗಾಳಿಯಲ್ಲಿ ಹೋಗುವುದಲ್ಲ, ಪೆಟ್ಟಿಗೆಯ ಅದುರು ನೆಲಕ್ಕೆ ಇಳಿದು ಹೋಗುವುದು.

ಕುರ್ಚಿಯಲ್ಲಿ ಕೂತವರ ಕಿವಿ ಸುಮಾರು 44 ಇಂಚಿನಲ್ಲಿರುತ್ತದೆ. 5 ಅಡಿ ದೂರಕ್ಕೆ 20 ಇಂಚು ಮೇಲೆ ನೋಡಬೇಕೆಂದರೆ ಬಾಗು 18 ಡಿಗ್ರಿ. 10 ಇಂಚು ಆಳದ ಪೆಟ್ಟಿಗೆಯ ಮುಂಭಾಗಕ್ಕೆ 3 ಇಂಚಿನ ಮರದ ತುಂಡು ಕೊಟ್ಟರೆ ಅಷ್ಟು ಬರುತ್ತದೆ. ಹಿಂದಿನ ಕಾಲುಗಳು ಸ್ಟೂಲಿನ ಅಂಚಿಗಿಂತ ಒಂದು ಇಂಚಾದರೂ ಒಳಗಿರಲಿ, ಹಿಂದೆ ಒಂದು ಅಡ್ಡಪಟ್ಟಿ ಹೊಡೆಯಿರಿ. ಇಷ್ಟು ಬಾಗಿದ ಪೆಟ್ಟಿಗೆ ಅದುರಿ ಅದುರಿ ಹಿಂದಕ್ಕೆ ಜಾರುತ್ತದೆ.

ಓರೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಎರಡೂ ಆಂಪ್‌ಗಳನ್ನು ನೇರ ನಿಮ್ಮ ಮುಖಕ್ಕೆ ತಿರುಗಿಸಿದರೆ ಓರೆ 30 ಡಿಗ್ರಿ. ಲೆಕ್ಕಕ್ಕೆ ಅದು ಸರಿ, ಕಿವಿಗೆ ಅಷ್ಟು ಸರಿಯಲ್ಲ: ಸ್ಪೀಕರ್‌ನ ನಡುಕಿರಣ ತೀರಾ ಚುರುಕು. 40 ಡಿಗ್ರಿಯ ಹತ್ತಿರಕ್ಕೆ ಒಳಗೆ ತಿರುಗಿಸಿ, ಎರಡರ ನೇರಗೆರೆಗಳು ನಿಮ್ಮ ಮೂಗಿಗಿಂತ ಒಂದೂಕಾಲು ಅಡಿ ಮುಂದೆ ಒಂದನ್ನೊಂದು ದಾಟುವಂತೆ ಮಾಡಿ. ದಾರ ಕಟ್ಟಿ ನೋಡಿದರೆ ಎರಡು ನಿಮಿಷದ ಕೆಲಸ. ಇದರಿಂದ ಎರಡು ಲಾಭ. ಕಿವಿಗೆ ಬೀಳುವ ಟ್ರೆಬಲ್ ಮೆತ್ತಗಾಗುತ್ತದೆ. ಎರಡನೆಯದು ಇನ್ನೂ ಮುಖ್ಯ: ನೀವು ಬಲಕ್ಕೆ ಸ್ವಲ್ಪ ವಾಲಿದರೆ ಬಲ ಆಂಪ್ ಹತ್ತಿರವಾಗುತ್ತದೆ, ಆದರೆ ಎಡ ಆಂಪ್‌ನ ನೇರಕ್ಕೆ ಬರುತ್ತೀರಿ; ಕಾಲದಲ್ಲಿ ಹಿಂದೆ ಬಿದ್ದದ್ದನ್ನು ಸದ್ದಿನ ಜೋರಿನಲ್ಲಿ ಅದು ತುಂಬಿಕೊಡುತ್ತದೆ. ಕೂರುವ ಜಾಗ ಒಂದು ಗೇಣು ಅಗಲವಾಗುತ್ತದೆ. ಹಾಡುತ್ತಾ ನುಡಿಸುವವರಿಗೆ, ಪೆಡಲ್ ಒತ್ತಲು ಬಾಗುವವರಿಗೆ ಈ ಗೇಣು ದೊಡ್ಡದು.

ನಿಂತೇ ನುಡಿಸುವವರು ಎತ್ತರ ಬದಲಿಸಬೇಡಿ, ಬಾಗು ಹೆಚ್ಚಿಸಿ.

ಧ್ರುವ ತಾಳೆಯಾಗಿದೆಯೇ?

ಎರಡು ಆಂಪ್‌ಗಳಲ್ಲಿ ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತಿದ್ದರೆ ಮೇಲಿನ ಅಳತೆಗಳೆಲ್ಲ ವ್ಯರ್ಥ. ಬೇರೆ ಬೇರೆ ಮಾದರಿಯ ಆಂಪ್‌ಗಳಲ್ಲಿ ಇದು ಆಗಾಗ ಆಗುತ್ತದೆ, ಯಾಕೆಂದರೆ ಒಳಗಿನ ಒಂದೊಂದು ವರ್ಧನ ಹಂತವೂ ಸಿಗ್ನಲ್ ಅನ್ನು ಮಗುಚಬಹುದು. ಒಂದರಲ್ಲಿ ಹಂತಗಳು ಸಮಸಂಖ್ಯೆ, ಇನ್ನೊಂದರಲ್ಲಿ ಬೆಸ. ಒಂದೇ ಆಂಪ್‌ನಲ್ಲೂ ಎರಡು ಚಾನೆಲ್‌ಗಳು ವಿರುದ್ಧವಾಗಿರುವುದುಂಟು. ಲಕ್ಷಣಗಳು ಸ್ಪಷ್ಟ: ನಡುವೆ ಕೂತಾಗ ಬೇಸ್ ಮಾಯ, ಪಕ್ಕಕ್ಕೆ ಎದ್ದು ಹೋದರೆ ಹಾಜರು, ಗಿಟಾರ್ ಎಲ್ಲಿದೆ ಎಂದು ಬೆರಳು ತೋರಿಸಲಾಗದು, ತಲೆಯೊಳಗೆ ಒಂಥರಾ ಟೊಳ್ಳು. ಇದನ್ನೇ ಅಗಲವಾದ ಸ್ಟೀರಿಯೊ ಎಂದು ತಿಳಿದು ವರ್ಷಗಟ್ಟಲೆ ನುಡಿಸುವವರಿದ್ದಾರೆ.

ಪರೀಕ್ಷೆ ಸುಲಭ. ಎರಡನ್ನೂ ಪಕ್ಕಪಕ್ಕಕ್ಕೆ ತಂದು, ಮೋನೊ ಸಿಗ್ನಲ್ ಕೊಟ್ಟು, ಸದ್ದು ಸಮ ಮಾಡಿ, ಆರನೇ ತಂತಿಯನ್ನು ಬಿಡಿಯಾಗಿ ಮೀಟಿ. ಒಂದರ ವಾಲ್ಯೂಮ್ ಇಳಿಸಿದಾಗ ಬೇಸ್ ಹೆಚ್ಚಿದಂತೆ ಕೇಳಿದರೆ ಧ್ರುವ ತಲೆಕೆಳಗಾಗಿದೆ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದೇ ಒಂದು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಎರಡು ವೈರ್‌ಗಳನ್ನು ಅದಲುಬದಲು ಮಾಡಿ. ಟ್ಯೂಬ್ ಆಂಪ್‌ನ ಸ್ಪೀಕರ್ ಕಳಚಿಟ್ಟು ಎಂದೂ ಆನ್ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಷಾಸಿಯ (ಸರ್ಕಿಟ್ ಇರುವ ಲೋಹದ ತಟ್ಟೆಯ) ಒಳಗೆ ಕೈ ಹಾಕುವ ಅಗತ್ಯವೇ ಇಲ್ಲ. ಅಲ್ಲಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ. ವೈರ್ ಮುಟ್ಟಲು ಧೈರ್ಯ ಸಾಲದಿದ್ದರೆ ಧ್ರುವ ಬದಲಿಸುವ ಗುಂಡಿ ಇರುವ ಸ್ಪ್ಲಿಟರ್ ಡಬ್ಬಿ (ಒಂದು ಸಿಗ್ನಲ್ ಅನ್ನು ಎರಡಕ್ಕೆ ಹಂಚುವಂಥದ್ದು) ಕೊಳ್ಳಿ, ಅದು ಮುಂದೆ ಹೇಳುವ ಗುಂಯ್ ತೊಂದರೆಗೂ ಮದ್ದು.

ಡಿಜಿಟಲ್ ಮಾಡೆಲಿಂಗ್ ಆಂಪ್ ಒಂದು, ಹಳೆಯ ಅನಲಾಗ್ ಆಂಪ್ ಒಂದು ಹೀಗೆ ಜೋಡಿ ಮಾಡಿದರೆ ಇನ್ನೊಂದು ಗುಪ್ತ ತೊಂದರೆ ಇದೆ. ಡಿಜಿಟಲ್ ಆಂಪ್ ಸಿಗ್ನಲ್ ಅನ್ನು ಅಂಕಿಯಾಗಿಸಿ ಮರಳಿಸಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದು 3 ಮಿಲಿಸೆಕೆಂಡ್ ಎಂದುಕೊಂಡರೂ ಆ ಆಂಪ್ ಅನ್ನು ಸುಮಾರು 3.4 ಅಡಿ ಹಿಂದಕ್ಕೆ ತಳ್ಳಿದಂತೆ. ಸಣ್ಣ ಕೋಣೆಯಲ್ಲಿ ಇದನ್ನು ದೂರದಿಂದ ಸರಿದೂಗಿಸಲು ಜಾಗವೇ ಇಲ್ಲ. ಒಂದೇ ಜಾತಿಯ ಎರಡು ಆಂಪ್ ಬಳಸಿ. ಆಗದಿದ್ದರೆ ಡಿಜಿಟಲ್ ಆಂಪ್‌ಗೆ ಎಫೆಕ್ಟ್‌ನ ಸದ್ದನ್ನು ಮಾತ್ರ ಕೊಟ್ಟು, ಮೂಲ ಸ್ವರವನ್ನು ಅನಲಾಗ್‌ನಲ್ಲಿ ಇಟ್ಟುಕೊಳ್ಳಿ.

ಗುಂಯ್ ಎನ್ನುವುದಕ್ಕೆ ಕಾರಣ

ಒಂದೇ ಆಂಪ್ ಇದ್ದಾಗ ನಿಶ್ಶಬ್ದ, ಎರಡನೆಯದರ ಕೇಬಲ್ ಚುಚ್ಚಿದೊಡನೆ ಗುಂಯ್: ಇದು ಅರ್ತ್ ಲೂಪ್. ಎರಡೂ ಆಂಪ್‌ಗಳು ಗೋಡೆಯ ಪ್ಲಗ್‌ನಲ್ಲಿ ಅರ್ತ್ ಮೂಲಕ ಸೇರಿವೆ, ಈಗ ಸಿಗ್ನಲ್ ಕೇಬಲ್‌ನ ಹೊರಹೆಣಿಗೆಯ ಮೂಲಕವೂ ಸೇರಿದವು. ಆ ಉಂಗುರದಲ್ಲಿ ನಮ್ಮ 50 ಹರ್ಟ್ಸ್ ವಿದ್ಯುತ್ತು ಹರಿದಾಡುತ್ತದೆ.

ಮೊದಲು ಎರಡು ಆಂಪ್, ಪೆಡಲ್‌ಗಳ ಅಡಾಪ್ಟರ್ ಎಲ್ಲವನ್ನೂ ಒಂದೇ ಗೋಡೆ ಸಾಕೆಟ್‌ನಿಂದ ತೆಗೆದ ಒಂದೇ ಸ್ಪೈಕ್ ಬೋರ್ಡ್‌ಗೆ ಹಾಕಿ. ಉಂಗುರ ಚಿಕ್ಕದಾದಷ್ಟೂ ಸದ್ದು ಕಡಿಮೆ. ಆಗಲೂ ಉಳಿದರೆ ಒಂದು ಆಂಪ್‌ನ ಸಿಗ್ನಲ್ ದಾರಿಯಲ್ಲಿ 1:1 ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬರಲಿ; ಅದು ವೈರ್ ಸೇರಿಸದೆಯೇ ಸಿಗ್ನಲ್ ದಾಟಿಸಿ ಉಂಗುರವನ್ನು ಕಡಿಯುತ್ತದೆ. ಗಿಟಾರ್ ಸ್ಪ್ಲಿಟರ್ ಡಬ್ಬಿಗಳಲ್ಲಿ ಒಳ್ಳೆಯವು ಒಂದು ಔಟ್‌ಪುಟ್‌ನಲ್ಲಿ ಇದನ್ನು ಇಟ್ಟೇ ಇರುತ್ತವೆ.

ಮೂರು ಪಿನ್‌ನಲ್ಲಿ ಮೇಲಿನ ದಪ್ಪ ಪಿನ್ ಕತ್ತರಿಸುವುದು, ಎರಡು ಪಿನ್‌ನ ಅಡಾಪ್ಟರ್ ಹಾಕುವುದು ಹಲವರು ಹೇಳಿಕೊಡುವ ಉಪಾಯ. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಆಂಪ್‌ನೊಳಗೆ ಒಂದು ವೈರ್ ಸಡಿಲವಾಗಿ ಷಾಸಿಗೆ ತಾಗಿದ ದಿನ 230 ವೋಲ್ಟ್ ಗಿಟಾರ್‌ನ ತಂತಿಗೆ ಬರುತ್ತದೆ, ತುಟಿ ಮೈಕಿಗೆ ತಾಗಿರುತ್ತದೆ. ಅರ್ತ್ ಕತ್ತರಿಸಬೇಡಿ, ಕತ್ತರಿಸಿದ ಆಂಪ್‌ನಲ್ಲಿ ನುಡಿಸಬೇಡಿ. ಹಳೆಯ ಮನೆಗಳಲ್ಲಿ ಅರ್ತ್ ರಂಧ್ರ ಇದ್ದೂ ಹಿಂದೆ ವೈರ್ ಇಲ್ಲದಿರುವುದೂ ಉಂಟು. ಎಲೆಕ್ಟ್ರೀಷಿಯನ್‌ನಿಂದ ನ್ಯೂಟ್ರಲ್–ಅರ್ತ್ ನಡುವಿನ ವೋಲ್ಟೇಜ್ ಅಳೆಸಿ. ಅದು ಎರಡು ಮೂರು ವೋಲ್ಟ್ ಒಳಗಿರಬೇಕು, ಫೇಸ್–ಅರ್ತ್ ನಡುವೆ 230ರ ಆಸುಪಾಸು ತೋರಿಸಬೇಕು.

ಬೇರೆ ಗುಂಯ್‌ಗಳೂ ಇವೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಸಿಂಗಲ್ ಕಾಯಿಲ್ ಪಿಕಪ್‌ಗೆ ಕರಕರ ತುಂಬುತ್ತದೆ. ಫ್ಯಾನ್ ಪೂರ್ತಿ ವೇಗಕ್ಕೆ ತಂದರೆ ಹೋಯಿತೆಂದರೆ ಕಳ್ಳ ಅದೇ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬಂದಾಗಲೂ ಹಾಗೇ. ಅಂದಹಾಗೆ ತಲೆಯ ಮೇಲಿನ ಫ್ಯಾನಿನ ರೆಕ್ಕೆಗಳು ಸದ್ದನ್ನು ಕತ್ತರಿಸಿ ಕತ್ತರಿಸಿ ಮರಳಿಸುತ್ತವೆ, ಉದ್ದ ಎಳೆದ ಸ್ವರದಲ್ಲಿ ಸಣ್ಣ ನಡುಕ ಕೇಳುತ್ತದೆ. ಹೊಂದಿಸುವ ಹೊತ್ತಿನಲ್ಲಿ ಫ್ಯಾನ್ ನಿಲ್ಲಿಸಿ.

ಮಟ್ಟ ಸಮ ಮಾಡುವುದು

ಎರಡೂ ಆಂಪ್‌ನ ಗುಂಡಿಯನ್ನು 4ರಲ್ಲಿಟ್ಟರೆ ಸದ್ದು ಸಮ ಎಂದೇನಿಲ್ಲ. ಫೋನನ್ನು ನಿಮ್ಮ ತಲೆ ಇರುವ ಜಾಗದಲ್ಲಿ ಹಿಡಿದು, ಒಂದೊಂದೇ ಆಂಪ್ ಆನ್ ಮಾಡಿ, ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ ಪೆಡಲ್‌ನಲ್ಲಿ ಒಂದೇ ನುಡಿ ಸುತ್ತಿಸುತ್ತಾ 75 ಡೆಸಿಬೆಲ್‌ಗೆ ತನ್ನಿ. ಫೋನಿನ ಅಂಕಿ ನಿಖರವಲ್ಲದಿದ್ದರೂ ಚಿಂತೆಯಿಲ್ಲ. ಎರಡನ್ನೂ ಅಳೆಯುವುದು ಅದೇ ಫೋನು. ಆಮೇಲೆ ಎರಡನ್ನೂ ಹಾಕಿ ಕಣ್ಣು ಮುಚ್ಚಿ ಕೇಳಿ. ಗಿಟಾರ್ ನಡುವೆ ನಿಂತಿದೆಯೇ? ಎಡಕ್ಕೆ ಸರಿದಂತಿದ್ದರೆ ಎಡದ್ದನ್ನು ಕೂದಲೆಳೆಯಷ್ಟು ಇಳಿಸಿ. ಕೊನೆಯ ತೀರ್ಪು ಕಿವಿಯದು.

ಎರಡು ಆಂಪ್ ಸೇರಿದಾಗ ಒಟ್ಟು ಸದ್ದು 3ರಿಂದ 6 ಡೆಸಿಬೆಲ್ ಏರುತ್ತದೆ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಕಿವಿಯ ಮಿತಿಯಾಗಿ ಬಹಳಕಡೆ ಬಳಕೆಯಲ್ಲಿದೆ. 3 ಏರಿದಂತೆಲ್ಲ ಹೊತ್ತು ಅರ್ಧವಾಗುತ್ತದೆ, 94ರಲ್ಲಿ ಒಂದೇ ಗಂಟೆ. ಸಣ್ಣ ಕೋಣೆಯಲ್ಲಿ 94 ತಲುಪುವುದು ಏನೇನೂ ಕಷ್ಟವಲ್ಲ. ನೆರೆಹೊರೆಗೂ ಲೆಕ್ಕವಿದೆ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್.

ಗೋಡೆಗಳಿಗೆ ಮಾಡಬೇಕಾದ ಒಂದು ಕೆಲಸ

ಹಣ ಖರ್ಚು ಮಾಡುವುದಾದರೆ ಇದಕ್ಕೆ ಮಾಡಿ. ನೀವು ಕುರ್ಚಿಯಲ್ಲಿ ಕೂತಿರುವಾಗ ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಜರುಗಿಸಲಿ. ಕನ್ನಡಿಯಲ್ಲಿ ಆಂಪ್‌ನ ಕೋನ್ ಕಂಡ ಜಾಗವೇ ಸದ್ದು ಮೊದಲು ಪುಟಿಯುವ ಜಾಗ. ನಮ್ಮ ಅಳತೆಯಲ್ಲಿ ಹತ್ತಿರದ ಆಂಪ್‌ಗೆ ಅದು ಮುಂಗೋಡೆಯಿಂದ ಸುಮಾರು 4 ಅಡಿ 5 ಇಂಚು, ಆಚೆಬದಿಯ ಆಂಪ್‌ಗೆ 5 ಅಡಿ 7 ಇಂಚು. ಅಂದರೆ 4ರಿಂದ 6 ಅಡಿಯವರೆಗೆ, 2 ಅಡಿ ಅಗಲ 4 ಅಡಿ ಎತ್ತರದ ಒಂದು ಹಲಗೆ ಎರಡನ್ನೂ ಮುಚ್ಚುತ್ತದೆ. ಘನಮೀಟರಿಗೆ 48 ಕಿಲೊ ಸಾಂದ್ರತೆಯ 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಅನ್ನು ಮರದ ಚೌಕಟ್ಟಿಗೆ ತುಂಬಿ, ಗಾಳಿ ಆಡುವ ಹತ್ತಿಬಟ್ಟೆ ಹೊದಿಸಿ, ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿ. ಕೆಳಅಂಚು ನೆಲದಿಂದ ಒಂದು ಅಡಿ ಮೇಲಿರಲಿ. ತುಂಬುವಾಗ ಕೈಗವಸು, ಮಾಸ್ಕ್ ಬೇಕು, ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ.

ಎರಡೂ ಗೋಡೆಗೆ ಒಂದೇ ಬಗೆಯದು ಇರಲಿ. ಒಂದು ಕಡೆ ಪರದೆ, ಇನ್ನೊಂದು ಕಡೆ ಬರಿಯ ಗೋಡೆ ಎಂದರೆ ಚಿತ್ರ ಬರಿಯ ಗೋಡೆಗೆ ವಾಲುತ್ತದೆ. ಮೊಟ್ಟೆ ಟ್ರೇ ಅಂಟಿಸುವುದು ದಂಡ. ಅದಕ್ಕೆ ಶಬ್ದ ಹೀರುವಷ್ಟು ದಪ್ಪವೂ ಇಲ್ಲ, ತೂಕವೂ ಇಲ್ಲ, ಬೆಂಕಿಗೆ ಮಾತ್ರ ಬೇಗ ಹತ್ತುತ್ತದೆ. ಜಮಖಾನ ಹಾಸಿದರೆ ಟೈಲ್ಸ್‌ನ ಚಟಚಟ ಹೋಗುತ್ತದೆ, ಹಾಸಿ. ಬೆನ್ನ ಹಿಂದೆ ಪುಸ್ತಕದ ಕಪಾಟಿದ್ದರೆ ಅದು ಇದ್ದಲ್ಲಿಯೇ ಚೆಂದ. ಕಬ್ಬಿಣದ ಬೀರು, ಕಿಟಕಿಯ ಸಡಿಲ ಗಾಜು ಒಂದೊಂದು ಸ್ವರಕ್ಕೆ ಝರಝರ ಎನ್ನುತ್ತವೆ. ಆರನೇ ತಂತಿಯಲ್ಲಿ ಒಂದೊಂದೇ ಫ್ರೆಟ್ ಏರುತ್ತಾ ಯಾವುದು ದನಿಗೂಡಿಸುತ್ತದೆಂದು ಹುಡುಕಿ, ಕಾಗದ ಮಡಚಿ ಸಂದಿಗೆ ತುರುಕಿ.

ಇದೇ ಏರಿಕೆಯನ್ನು ಇನ್ನೊಮ್ಮೆ ಆರು ಮತ್ತು ಐದನೇ ತಂತಿಗಳಲ್ಲಿ ಸಮಬಲದಿಂದ ಮಾಡಿ. ಯಾವುದೋ ಸ್ವರ ಇನ್ನೂ ಹಾರಿ ಬಂದರೆ ಎರಡೂ ಸ್ಟೂಲುಗಳನ್ನು ಒಟ್ಟಿಗೆ 2 ಇಂಚು ಮುಂದಕ್ಕೋ ಹಿಂದಕ್ಕೋ ಸರಿಸಿ, ಕುರ್ಚಿಯನ್ನೂ ಅಷ್ಟೇ ಸರಿಸಿ ಮತ್ತೆ ಕೇಳಿ. ಒಮ್ಮೆಗೆ ಒಂದೇ ಬದಲಾವಣೆ.

ಈಗ ಪೆಡಲ್

ಮೋನೊ ನಡುವೆ ನಿಂತಿದೆ. ಈಗ ಸ್ಟೀರಿಯೊ ಕೋರಸ್ ಹಾಕಿ. 1975ರಲ್ಲಿ ಬಂದ ರೋಲ್ಯಾಂಡ್ ಜಾಝ್ ಕೋರಸ್ 120 ಆಂಪ್ ಒಂದೇ ಪೆಟ್ಟಿಗೆಯಲ್ಲಿ ಎರಡು ವರ್ಧಕ, ಎರಡು ಸ್ಪೀಕರ್ ಇಟ್ಟು, ಒಂದರಲ್ಲಿ ಸಾದಾ ಸ್ವರ, ಇನ್ನೊಂದರಲ್ಲಿ ತೂಗಾಡುವ ಸ್ವರ ಕೊಟ್ಟು ಎರಡನ್ನೂ ಗಾಳಿಯಲ್ಲೇ ಬೆರೆಸಿತು. 5 ಅಡಿ ಅಂತರದಲ್ಲಿ ನೀವು ಮಾಡುತ್ತಿರುವುದೂ ಅದನ್ನೇ, ಇನ್ನೂ ಅಗಲವಾಗಿ. ವೇಗ ಕಡಿಮೆ, ಆಳ ಮಧ್ಯಮ ಸಾಕು. ಸ್ವರವನ್ನು ತಡವಾಗಿ ಮರುನುಡಿಸುವ ಡಿಲೇಗೆ ಎಡಕ್ಕೆ 375, ಬಲಕ್ಕೆ 500 ಮಿಲಿಸೆಕೆಂಡ್ ಕೊಟ್ಟು ಆರಂಭಿಸಿ. ನಿಮಿಷಕ್ಕೆ 120 ಬಡಿತದ ಲಯಕ್ಕೆ ಅವು ಮುಕ್ಕಾಲು ಮತ್ತು ಒಂದು ಬಡಿತವಾಗಿ ಹೊಂದುತ್ತವೆ. ರಿವರ್ಬ್ (ಕೋಣೆಯ ಅನುರಣನದ ಎಫೆಕ್ಟ್) ಮಾತ್ರ ಜಿಪುಣತನದಿಂದ ಹಾಕಿ, ಕೋಣೆ ತನ್ನ ಪಾಲಿನದನ್ನು ಆಗಲೇ ಕೊಟ್ಟಿರುತ್ತದೆ.

ಎಫೆಕ್ಟ್ ಇಲ್ಲದೆ ಗಿಟಾರ್ ಅನ್ನು ದಪ್ಪ ಮಾಡಲು ಒಂದು ಕಡೆಗೆ 15ರಿಂದ 25 ಮಿಲಿಸೆಕೆಂಡ್ ತಡ ಕೊಡುವುದುಂಟು. ಕುರ್ಚಿಯಲ್ಲಿ ಕೂತವರಿಗೆ ಚೆಂದ. ಚಿತ್ರ ತಡವಿಲ್ಲದ ಆಂಪ್ ಕಡೆ ವಾಲುವುದರಿಂದ ತಡವಾದದ್ದನ್ನು ಸ್ವಲ್ಪ ಜೋರು ಮಾಡಬೇಕು. ಅದೇ ಎರಡನ್ನೂ ಒಂದು ಮೈಕಿನಲ್ಲಿ ರೆಕಾರ್ಡ್ ಮಾಡಿದರೆ ಸ್ವರಗಳು ಬಾಚಣಿಗೆಯ ಹಲ್ಲಿನಂತೆ ಅಲ್ಲಲ್ಲಿ ಕಡಿದುಹೋಗುತ್ತವೆ: 20 ಮಿಲಿಸೆಕೆಂಡ್ ತಡಕ್ಕೆ 25, 75, 125 ಹರ್ಟ್ಸ್ ಹೀಗೆ ಪ್ರತಿ 50ಕ್ಕೊಂದು ಹೊಂಡ. ರೆಕಾರ್ಡಿಂಗ್‌ಗೆ ಒಂದೊಂದು ಆಂಪ್‌ಗೂ ಬೇರೆ ಮೈಕ್ ಇಡಿ.

ಸ್ಟೀರಿಯೊ ಪೆಡಲ್ ಇಲ್ಲದೆ ಬರಿಯ ವೈ ಕೇಬಲ್‌ನಿಂದ ಗಿಟಾರ್ ಅನ್ನು ಎರಡು ಆಂಪ್‌ಗೆ ಹಂಚಿದರೆ ಎರಡರ 1 ಮೆಗಾಓಮ್ ಇನ್‌ಪುಟ್‌ಗಳು ಸೇರಿ 500 ಕಿಲೋಓಮ್ ಆಗಿ ಪಿಕಪ್‌ನ ಹೊಳಪು ತುಸು ತಗ್ಗುತ್ತದೆ. ಮೊದಲು ಒಂದು ಬಫರ್ (ಪಿಕಪ್ ಮೇಲೆ ಈ ಹೊರೆ ಬೀಳದಂತೆ ತಡೆಯುವ ಸರ್ಕಿಟ್) ಇರುವ ಪೆಡಲ್ ಹಾಕಿ, ಆಮೇಲೆ ಹಂಚಿ. ಅಲ್ಲಿಂದ ಆಂಪ್‌ಗಳಿಗೆ ಎರಡೂ ಕೇಬಲ್ 5 ಮೀಟರ್ ಒಳಗಿರಲಿ, ವಿದ್ಯುತ್ ವೈರ್‌ಗೆ ಜೊತೆಯಾಗಿ ಹರಿಯದೆ ಅಡ್ಡಲಾಗಿ ದಾಟಲಿ.

ಕೀಬೋರ್ಡ್ ನುಡಿಸುವವರು ಇದೇ ಜಾಗಗಳಲ್ಲಿ ಎರಡು ಕೀಬೋರ್ಡ್ ಆಂಪ್ ಇಡಬಹುದು, ಮೂರು ಬದಲಾವಣೆಗಳೊಂದಿಗೆ. ಎಡ ಜ್ಯಾಕ್‌ನ ಪಕ್ಕದಲ್ಲಿ ಮೋನೊ ಎಂದೂ ಬರೆದಿದ್ದರೆ ಎರಡೂ ಜ್ಯಾಕ್ ಚುಚ್ಚಿದಾಗ ಮಾತ್ರ ಸ್ಟೀರಿಯೊ ಬರುತ್ತದೆ. ಟ್ವೀಟರ್ (ಮೇಲಿನ ಸ್ವರಗಳಿಗೆಂದೇ ಇರುವ ಚಿಕ್ಕ ಸ್ಪೀಕರ್) ಇರುವ ಆಂಪ್ ಅಷ್ಟು ಕಿರಿದಾಗಿ ಹಾಯುವುದಿಲ್ಲವಾದ್ದರಿಂದ ಓರೆ 30 ಡಿಗ್ರಿಯೇ ಸಾಕು. ಎಡಗೈಯ ಸ್ವರಗಳು 82 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದರಿಂದ ಗಿಟಾರಿಗೆ ಕಾಡದಿದ್ದ 47 ಮತ್ತು 57 ಇಲ್ಲಿ ಎದ್ದು ಬರುತ್ತವೆ. ಬೇಸ್ ಗುಂಡಿಯನ್ನು ನಡುವಿಗಿಂತ ಕೆಳಗಿಟ್ಟು ಶುರುಮಾಡಿ, ಎಡಗೈಯಲ್ಲಿ ಕೊನೆಯ ಸಪ್ತಕವನ್ನು ಒಂದೊಂದೇ ಸ್ವರವಾಗಿ ಕೇಳುತ್ತಾ ಏರಿಸಿ.